ಖಾಲಿ ತೊಟ್ಟಿಲಿನ ಸಿನಿಮಾ

"ಅಲ್ಲೇ ನಿಲ್ರಿ! ಕಾಲಾಗ ಮದುವಿ ಐತ್ರಿ!"

ನೇತ್ರಾ ಹೊಸ್ತಿಲಲ್ಲೇ ಬೆಚ್ಚಿ ನಿಂತಳು. ನೆಲದ ತುಂಬ ಹಳೆಯ ಸಿನಿಮಾದ ರೀಲು ಹರಡಿತ್ತು. ನಡುವೆ ಕುಳಿತಿದ್ದ, ಊರೂರಿಗೆ ಸಿನಿಮಾ ತೋರಿಸುವ ಹೇಮಂತ ಅದರ ಒಂದು ತುದಿಯನ್ನು ಬಿಸಿಲಿಗೆ ಹಿಡಿದು ತೋರಿಸಿದ.

ಉಗುರಿನಷ್ಟಗಲದ ಚೌಕದಲ್ಲಿ ಒಬ್ಬ ಮದುಮಗಳು! ಮುಂದಿನದರಲ್ಲೂ ಅವಳೇ... ನಗು ಮಾತ್ರ ಎಳ್ಳಷ್ಟು ಹೆಚ್ಚಿತ್ತು.

"ಅರವತ್ತು ವರ್ಷದಿಂದ ಹಿಂಗ ನಗಾಕತ್ತಾಳೇನ್ರಿ?" ನೇತ್ರಾ ಪಿಸುಗುಟ್ಟಿದಳು.

ಅವಳು ಬಮ್ಮಿಗಟ್ಟಿಯ ಶಾಲೆಯ ಟೀಚರು. ಮಕ್ಕಳಿಗೆ ಈ ಚಿತ್ರ ತೋರಿಸಿರೆಂದು ಕೇಳಲು ಕಲಘಟಗಿಯ ಅವನ ಬಾಡಿಗೆ ಮನೆಗೆ ಬಂದಿದ್ದಳು. ಆಮೇಲೆ ಪ್ರತಿ ರವಿವಾರವೂ ರೀಲು ಒರೆಸುವ ನೆಪದಲ್ಲಿ ಬಂದಳು.

ಒಂದು ರವಿವಾರ ಹೇಮಂತ ಇರಲಿಲ್ಲ. ಪಡಸಾಲೆಯಲ್ಲಿ ಹೊಸದಾಗಿ ಬಂದ ಬಣ್ಣದ ತೊಟ್ಟಿಲು ಇತ್ತು. ಮನೆಯ ಮಾಲಕಿ ರೇಣುಕವ್ವ ನಕ್ಕಳು.

"ಅವನ ಹೇಣ್ತಿ ಬಸರಿ ಅಂತವಾ. ತವರಿಗೆ ಹೋಗ್ಯಾಳ."

ಹೆಂಡತಿಯೇ...!

ನೇತ್ರಾ ಮುಂದಿನ ಬಸ್ಸಿಗೇ ಹೊರಟುಬಿಟ್ಟಳು. ಮತ್ತೆ ಬರಲಿಲ್ಲ. ಅವನ ಫೋನೂ ಎತ್ತಲಿಲ್ಲ.

ಆದರೂ ಮಾತು ಕೊಟ್ಟಂತೆ ಹೇಮಂತ ಯಂತ್ರ ಹೊತ್ತು ಶಾಲೆಗೆ ಬಂದ. ಚಿತ್ರ ನೋಡುವ ಆಸೆಗೆ ರೇಣುಕವ್ವನೂ ಬಂದಳು. ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಗೋಡೆಯ ಮೇಲೆ ಬೆಳಕು ಬಿತ್ತು...

ಉಗುರಗಲದ ಆ ಹುಡುಗಿ ಗೋಡೆಯೆತ್ತರ ಎದ್ದು ನಿಂತು ಕಣ್ಣು ಮಿಟುಕಿಸಿದಳು! ಕೋಣೆಗೆ ಕೋಣೆಯೇ ಉಸಿರು ಹಿಡಿಯಿತು. ಮುಖ ತಿರುಗಿಸಿ ಕೂತಿದ್ದ ನೇತ್ರಾ ತನಗರಿವಿಲ್ಲದೆ ಗೋಡೆಯತ್ತ ತಿರುಗಿ ಕೈಮುಗಿದಳು.

ಚಿತ್ರದ ನಾಯಕನಿಗೆ ಮದುವೆಯಾಗಿಲ್ಲ. ಒಂಟಿ ಗಂಡಸಿಗೆ ಯಾರೂ ಬಾಡಿಗೆ ಮನೆ ಕೊಡರು. ಹೆಂಡತಿ ಬಸುರಿ ಎಂದು ಸುಳ್ಳು ಹೇಳಿ, ನಂಬಿಸಲು ಖಾಲಿ ತೊಟ್ಟಿಲು ಹೊತ್ತು ತಂದ! ಎಲ್ಲರೂ ಬಿದ್ದು ಬಿದ್ದು ನಕ್ಕರು.

ರೇಣುಕವ್ವನ ನಗು ಅರ್ಧಕ್ಕೇ ನಿಂತಿತು.

"ಲೇ ಹೇಮಂತಾ! ತೊಟ್ಲಾ ತವರಮನಿಯವರು ತರ್ತಾರ. ನೀನೂ ಇವನಂಗ ನೀನ ಹೊತಗೊಂಡು ಬಂದಿಯಲ್ಲೋ! ಖರೇ ಹೇಳು, ಹೇಣ್ತಿ ಅದಾಳೋ ಇಲ್ಲೋ?"

ಹೇಮಂತ ಎದ್ದು ನಿಂತ. ಚಿತ್ರದ ಮುಖಗಳೆಲ್ಲ ಅವನ ಅಂಗಿಯ ಮೇಲೆ ಕುಣಿದವು.

"ಇಲ್ರಿ ಕಾಕು. ಒಬ್ಬಂವಗ ಮನಿ ಕೊಡಂಗಿಲ್ಲ ಅಂದ್ರಿ... ಇದನ್ನ ನೋಡೇ ಕಲ್ತೆ."

"ನಾಚಿಕಿಗೇಡಿ! ಮತ್ತ ನನಗ ಇದನ್ನ ತೋರಸ್ತೀಯಲ್ಲೋ?"

"ಟೀಚರ್ ಯಾಕ ಬರೂದು ಬಿಟ್ರು ಅಂತ ನಿಮ್ಮ ಮಾತಿಂದ ತಿಳೀತ್ರಿ. ನನ್ನ ಬಾಯಿಲೆ ಹೇಳಾಕ ಆಗಲಿಲ್ಲ. ಈ ಸಿನಿಮಾನರ ಹೇಳಲಿ ಅಂತ..."

ಎಲ್ಲರೂ ನೇತ್ರಾಳತ್ತ ತಿರುಗಿದರು. ಅವಳು ಹೇಮಂತನನ್ನೇ ನೋಡಿದಳು.

"ನನಗರ ಖರೇ ಹೇಳಬಾರದಿತ್ತೇನ್ರಿ?"

"ಏನಂತ ಹೇಳ್ಲಿ? ನಿಮ್ಮ ಮ್ಯಾಲ ಭಾಳ ಜೀವ ಐತಿ ಅಂತ ಹೇಳ್ಲ್ಯಾ?"

ಮಕ್ಕಳು ಕೂಡ ಬಾಯಿ ತೆರೆದು ನೋಡುತ್ತಿದ್ದರು.

"ನಾಳೆ ನಮ್ಮ ಮನೀಗೆ ಬರ್ರಿ," ಎಂದಳು ನೇತ್ರಾ. "ನಮ್ಮಪ್ಪನ ಮುಂದ ಒಂದೂ ಸುಳ್ಳ ಹೇಳಬ್ಯಾಡ್ರಿ."

"ಯಾಕ ಬಂದಿ ಅಂತ ಕೇಳಿದ್ರ?"

ನೇತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಅಂದ್ರಲ್ಲಾ... ಅದನ್ನ ಹೇಳ್ರಿ."