ಜಡ್ಜ್ ಫ್ಯೂಗೇಟರ ನಾಮಪತ್ರ ಕಾಣೆಯಾದದ್ದು

ಜನವರಿಯ ಆ ಶುಕ್ರವಾರ ಮಧ್ಯಾಹ್ನ ಕೌಂಟಿ ಜಡ್ಜ್ ಡೆಲ್ಮರ್ ಫ್ಯೂಗೇಟ್ ಹಿಮ ತುಳಿದುಕೊಂಡು ನನ್ನ ಕ್ಷೌರದಂಗಡಿಗೆ ಬಂದರು. ಬಂದದ್ದು ಕ್ಷೌರಕ್ಕಲ್ಲ, ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತಿದ್ದ ಓವಾಲೀನ್ ಅಕ್ಕನಿಗಾಗಿ. ಲಾರೆಲ್ ಗ್ಯಾಪ್‌ನ ಅಂಚೆ ಕಚೇರಿಯಿಂದ ಅವಳು ನಿವೃತ್ತಳಾದ ಮೇಲೆ ಊರಿನ ಕಳವು, ಸುಳ್ಳುಗಳೆಲ್ಲ ಅವಳ ಪಾಲಿಗೇ ಬರುತ್ತಿದ್ದವು. ಜೊತೆಗೆ ಓಡಾಡುವ ಕೆಲಸ ನನ್ನದು.

"ನನ್ನ ನಾಮಪತ್ರ ಯಾರೋ ಕದ್ದಿದಾರೆ ಅಕ್ಕ. ಸಲ್ಲಿಸೋಕೆ ಇವತ್ತೇ ಕೊನೇ ದಿನ, ನಾಲ್ಕಕ್ಕೆ ಕ್ಲರ್ಕ್ ಬಾಗಿಲು ಹಾಕ್ತಾರೆ," ಎಂದರು ಜಡ್ಜ್, ಟೋಪಿಯನ್ನೂ ತೆಗೆಯದೆ.

ನಮ್ಮ ಕೆಂಟಕಿಯಲ್ಲಿ ಕೌಂಟಿ ಜಡ್ಜ್ ವ್ಯಾಜ್ಯ ಕೇಳುವುದಿಲ್ಲ. ರಸ್ತೆ, ಸೇತುವೆ ನೋಡಿಕೊಳ್ಳುತ್ತಾರೆ. ಫ್ಯೂಗೇಟ್ ಆರು ಚುನಾವಣೆ ಗೆದ್ದವರು. ಅವರ ಕಚೇರಿಯಲ್ಲಿ ಪತ್ರವಿದ್ದ ಡ್ರಾಯರಿನ ಬೀಗ ಮುರಿದಿರಲಿಲ್ಲ. ಒಂದು ಕೀಲಿ ಅವರಲ್ಲಿ, ಇನ್ನೊಂದು ಕಾರ್ಯದರ್ಶಿ ಲೂಡಿಯಲ್ಲಿ. ಬೆಳಿಗ್ಗೆ ಎದುರಾಳಿ ವರ್ಲಿನ್ ನೇಪಿಯರ್ ಕೂಡ ರಸ್ತೆ ನಕ್ಷೆ ಬೇಕೆಂದು ಬಂದು ಆ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದನಂತೆ.

ಬೀದಿ ದಾಟಿ, ಕೌಂಟಿ ಕಚೇರಿಗಳೂ ಇರುವ ಕೋರ್ಟ್ ಕಟ್ಟಡಕ್ಕೆ ಹೋದೆವು. ಕೆಳಗೆ ಕ್ಲರ್ಕರ ಕೌಂಟರಿನ ಮೇಲೆ ಖಾಲಿ ನಾಮಪತ್ರಗಳ ಕಟ್ಟು ಇತ್ತು. ಇವತ್ತು ಯಾರಾದರೂ ಒಂದು ಕೇಳಿದರೇ ಎಂದು ಅಕ್ಕ ವಿಚಾರಿಸಿದಳು. ಯಾರೂ ಇಲ್ಲ. ಮೇಲೆ ಜಡ್ಜರ ಕಚೇರಿಯಲ್ಲಿ ಲೂಡಿ ಫೋನಿನಲ್ಲಿ ಒಂದು ರಸ್ತೆಗೆ ಹಿಮ ಕರಗಿಸುವ ಉಪ್ಪಿನ ಲಾರಿ, ಇನ್ನೊಂದಕ್ಕೆ ಆಂಬುಲೆನ್ಸ್ ಕಳಿಸುತ್ತಿದ್ದಳು. ಕರೆ ಮಾಡಿದವರಲ್ಲಿ ಒಬ್ಬರೂ ಜಡ್ಜರನ್ನು ಕೇಳಲಿಲ್ಲ. ತನ್ನ ಮೇಲೂ ಅನುಮಾನವಿದೆಯೆಂದು ತಿಳಿದಾಗ ಅವಳ ಕಣ್ಣು ಕೆಂಪಾಯಿತು.

ಮೂರಕ್ಕೆ ಅಕ್ಕ ಎಲ್ಲರನ್ನೂ ಜಡ್ಜರ ಕೋಣೆಗೆ ಕರೆಸಿದಳು.

"ಹೊಸ ಪತ್ರ ತುಂಬೋಕೆ ಹತ್ತು ನಿಮಿಷ ಸಾಕು," ಎಂದಳು. "ಇವರನ್ನ ತಡೀಬೇಕು ಅನ್ನೋನು ಮೂರೂ ಮುಕ್ಕಾಲಿಗೆ ಕದೀತಿದ್ದ, ಬೆಳಿಗ್ಗೆ ಅಲ್ಲ. ವರ್ಲಿನ್‌ಗೂ ಅದು ಗೊತ್ತು, ಲೂಡಿಗೂ ಗೊತ್ತು. ಪತ್ರ ಕಳಕೊಂಡೋರು ಕೆಳಗಿಳಿದು ಇನ್ನೊಂದು ಕೇಳ್ತಾರೆ. ಇವರು ಆ ಕೌಂಟರ್ ಮುಂದೇ ಹಾದು ಹಿಮದಲ್ಲಿ ನನ್ನನ್ನ ಹುಡುಕ್ಕೊಂಡು ಬಂದ್ರು. ಪತ್ರ ಸಿಗೋದು ಇವರಿಗೇ ಬೇಕಿರಲಿಲ್ಲ. ನಮ್ಮ ಹೋಬರ್ಟನ ಕ್ಷೌರದಂಗಡಿ ಹೊಸಿಲಲ್ಲೇ ಟೋಪಿ ತೆಗೆಯೋರು ಇವತ್ತು ಇನ್ನೂ ತೆಗೆದಿಲ್ಲ. ತೆಗೀರಿ ಜಡ್ಜ್ ಸಾಹೇಬ್ರೆ."

ಟೋಪಿಯ ಒಳಪಟ್ಟಿಯಲ್ಲಿ ಮಡಿಚಿದ ನಾಮಪತ್ರವಿತ್ತು. ವರ್ಲಿನ್ ತೊಡೆ ತಟ್ಟಿ ನಕ್ಕ.

ಇನ್ನು ನಿಲ್ಲಲಾರೆ ಎನ್ನುವ ಧೈರ್ಯ ಬರಲಿಲ್ಲವೆಂದು ಜಡ್ಜ್ ಒಪ್ಪಿಕೊಂಡರು. ಊರವರು ಇವರ ಹೆಸರಿನ ಪ್ರಚಾರದ ಬೋರ್ಡುಗಳನ್ನು ಆಗಲೇ ಬರೆಸಿಟ್ಟಿದ್ದರು. ಇವರಿಗೋ ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂರುವ ಆಸೆ.

"ಅದಕ್ಕೆ ನನ್ನ ಮೇಲೆ ಕಳ್ಳತನ ಬರಬೇಕಿತ್ತಾ?" ಎಂದಳು ಲೂಡಿ.

"ತಪ್ಪಾಯ್ತು ಕಣಮ್ಮ," ಎಂದ ಜಡ್ಜ್ ತಲೆ ಎತ್ತಲಿಲ್ಲ.

ಲೂಡಿ ಗಡಿಯಾರ ನೋಡಿದಳು. "ಹದಿನೆಂಟು ವರ್ಷದಿಂದ ಈ ಕೆಲಸ ಮಾಡ್ತಿರೋಳು ನಾನು. ನಾನೇ ನಿಲ್ತೀನಿ. ನೀವು ಸಹಿ ಹಾಕಿ."

ವರ್ಲಿನ್‌ನ ನಗು ನಿಂತಿತು. ಕೆಳಗಿನಿಂದ ತಂದ ಹೊಸ ಪತ್ರಕ್ಕೆ ಬೆಂಬಲಿಗರ ಎರಡು ಸಹಿ ಬೇಕಿತ್ತು; ಜಡ್ಜ್ ಮೊದಲು ಹಾಕಿದರು, ಆಮೇಲೆ ನಾನು. ಕ್ಲರ್ಕ್ ಬಾಗಿಲು ಹಾಕಲು ಏಳು ನಿಮಿಷವಿರುವಾಗ ಲೂಡಿ ಕೈಯೆತ್ತಿ ಪ್ರಮಾಣ ಮಾಡಿದಳು.

ನವೆಂಬರಿನಲ್ಲಿ ಅವಳು ನಲವತ್ತೊಂದು ಮತಗಳಿಂದ ಗೆದ್ದಳು. ವರ್ಲಿನ್ ಮರು ಎಣಿಕೆ ಕೇಳಿದ. ಅಂತರ ನಲವತ್ತಮೂರಾಯಿತು.