ಐಸ್ ಶೆಡ್ಡಿನ ಮೇಲೊಂದು ವೈಫೈ

"ಮತ್ತೆ ಕನೆಕ್ಷನ್ ಹೋತು" ಅಂದ ವಿನೋದ, ತಪ್ಪೆಲ್ಲ ನನ್ನದೇ ಎನ್ನುವಂತೆ ನೋಡುತ್ತ.

"ನಾನೆಂತ ಮಾಡ್ದೆ? ಕ್ಯಾಮರಾ ನಂದು, ಫೋನ್ ನಿಂದು. ತಂಟೆ ಇರೂದು ನಿನ್ನ ಕಡೆಗೇ."

ನಕ್ಕ. ಅವನು ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದನ್ನು ನೋಡಲೆಂದೇ ನಾನು ಅವನನ್ನು ಎಷ್ಟೋ ಸಲ ಸುಳ್ಳುಸುಳ್ಳೇ ಬೈದಿದ್ದೇನೆ.

ತೆಂಗಿನಗುಂಡಿ ಬಂದರಿನ ಪಕ್ಕ, ಒಂದು ಐಸ್ ಶೆಡ್ಡಿನ ತಾರಸಿಯ ಮೇಲೆ ಕೂತಿದ್ದೆವು. ಭಟ್ಕಳದಲ್ಲಿ ನಮ್ಮಿಬ್ಬರದೂ ಪಾಲುದಾರಿಕೆಯ ಸ್ಟುಡಿಯೋ. ವರ್ಷವಿಡೀ ಊರವರ ಮದುವೆ, ಸೀಮಂತ. ಇವತ್ತು ಮಾತ್ರ ನಮ್ಮ ಖುಷಿಗೊಂದು ಟೈಮ್‌ಲ್ಯಾಪ್ಸ್: ಕೆಸರಿನಲ್ಲಿ ವಾಲಿ ನಿಂತ ದೋಣಿಗಳು ಉಬ್ಬರ ಬಂದಂತೆ ಎದ್ದು ತೇಲುವುದು. ಫೋನಿನ ಆ್ಯಪ್ ವೈಫೈ ಮೂಲಕ ಹೇಳಿದಾಗೆಲ್ಲ ಕ್ಯಾಮರಾ ಒಂದು ಫೋಟೋ ತೆಗೆಯಬೇಕು, ಸಂಜೆಯವರೆಗೂ. ನಡುವೆ ತಪ್ಪಿದರೆ, ಫೋಟೋ ಜೋಡಿಸಿ ಮಾಡುವ ವಿಡಿಯೋದಲ್ಲಿ ದೋಣಿ ಕುಪ್ಪಳಿಸಿದಂತೆ ಕಾಣುತ್ತದೆ.

ಇದು ಮುಗಿದ ಮೇಲೆ ತನ್ನ ಅಮ್ಮನ ಹತ್ತಿರ ನಮ್ಮ ಮದುವೆಯ ಮಾತೆತ್ತುತ್ತೇನೆ ಅಂದಿದ್ದ. ಅವನನ್ನು ನಂಬಿ ಕುಮಟಾದ ಸಂಬಂಧವನ್ನು ಬೇಡ ಅಂದಿದ್ದೆ. ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಸ್ಕ್ರೀನ್ ಆರದಂತೆ ಮಾಡಿದೆವು. ಬ್ಯಾಟರಿ ಸೇವರ್ ತೆಗೆದೆವು. ಮೊಬೈಲ್ ಡೇಟಾ ಬಂದ್ ಮಾಡಿದೆವು. ಇದ್ದದ್ದು ಒಂದೇ ಟೋಪಿ, ಅದನ್ನು ನನ್ನ ತಲೆಗಿಟ್ಟು, "ಕಪ್ಪಾದ್ರೆ ನಮ್ಮನೇಲಿ ಒಪ್ಪೂದಿಲ್ಲ" ಅಂತ ರೇಗಿಸಿದ. ನನಗೆ ಸಿಟ್ಟೂ ಬಂತು, ಸುಖವೂ ಆಯಿತು.

ಮತ್ತೆ ನಿಂತಿತು. ಫೋನ್ ಕಸಿದುಕೊಂಡು ನೋಡಿದೆ. ಕ್ಯಾಮರಾದ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ. ಹಾಗಾಗಿ ಗುರುತಿನ ಬೇರೆ ವೈಫೈ ಸಿಕ್ಕಿದ ಕೂಡಲೇ ಫೋನ್ ಅತ್ತ ಜಿಗಿಯುತ್ತಿತ್ತು. ಈಗ ಹಿಡಿದದ್ದರ ಹೆಸರು: ದಿವ್ಯಶ್ರೀ ಹೋಮ್.

"ಸಿಕ್ತು ಮಾರಾಯ. ನಿನ್ನ ಫೋನ್ ಯಾರ್ದೋ ಮನೆ ವೈಫೈ ಹಿಡೀತದೆ" ಅಂದೆ ಹೆಮ್ಮೆಯಿಂದ. ಅಂದ ಮೇಲೆ ಹೊಳೆಯಿತು. ಯಾರೋ ಪಾಸ್‌ವರ್ಡ್ ಕೊಡದೆ ಅದು ಗುರುತಾಗುವುದು ಹೇಗೆ?

"ಯಾರ ಮನೇದು?"

"ಈ ಶೆಡ್ಡಿನವ್ರದ್ದೇ. ಮಾಬ್ಲಣ್ಣಂದು." ಹಿಂದಿದ್ದ ಮನೆಯ ಕಡೆ ತಿರುಗದೆಯೇ ಹೇಳಿದ.

"ದಿವ್ಯಶ್ರೀ?"

"ಮಗಳು. ಹೋದ ತಿಂಗಳು ಅಮ್ಮ ಹೆಣ್ಣು ನೋಡೂಕೆ ಅಂತ ಕರ್ಕಂಡು ಬಂದಿತ್ತು. ಒಳಗೆ ಸಿಗ್ನಲ್ ಇರ್ಲಿಲ್ಲ. ಅವ್ರೇ ಪಾಸ್‌ವರ್ಡ್ ಕೊಟ್ರು."

"ಅವಲಕ್ಕಿ ತಿಂದು ಸುಮ್ನೆ ಎದ್ದು ಬಂದ್ಯಾ, ಹೂಂ ಅಂದು ಬಂದ್ಯಾ?"

ಅವನು ಟ್ರೈಪಾಡಿನ ಕಾಲು ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ಅಮ್ಮಂಗೆ ಇಲ್ಲ ಅನ್ನೂಕೆ ಆಗ್ಲಿಲ್ಲ ಹೇಮಾ. ಇವತ್ತು ನಿಂಗೆ ಹೇಳೂವಾ ಅಂತಿದ್ದೆ. ಈ ಮನೆಯವ್ರೆಲ್ಲ ಹೊನ್ನಾವರಕ್ಕೆ ಹೋಗ್ತ್ರು ಅಂದಿದ್ರು."

ಭಾವೀ ಮಾವನ ತಾರಸಿ, ನನ್ನ ಕ್ಯಾಮರಾ. ನನಗೆ ಚೆನ್ನಾಗಿಯೇ ಟೋಪಿ ಹಾಕಿದ್ದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದು. ಎರಡು ಲೋಟ ಮಜ್ಜಿಗೆ ಹಿಡಿದು ಒಬ್ಬ ಹುಡುಗಿ ಬಂದಳು. ವಿನೋದನನ್ನು ಕಂಡು ಅವಳ ಕಿವಿಯವರೆಗೂ ಕೆಂಪೇರಿದ್ದರಿಂದ ಯಾರೆಂದು ಕೇಳಬೇಕಾಗಲಿಲ್ಲ.

"ನಿಮ್ಗೂ ತಂದೆ ಅಕ್ಕಾ, ಬಿಸಿಲು ಜೋರದೆ" ಅಂದಳು ನನಗೆ. ಆಮೇಲೆ ಅವನಿಗೆ, "ಇವ್ರು?"

"ಸ್ಟುಡಿಯೋದಲ್ಲಿ ಕೆಲ್ಸಕ್ಕಿದ್ದವ್ರು" ಅಂದ ವಿನೋದ.

ಮಜ್ಜಿಗೆಯನ್ನು ಪೂರ್ತಿ ಕುಡಿದೆ. ಆ ಹುಡುಗಿ ನನಗೇನು ಕೆಟ್ಟದ್ದು ಮಾಡಿದ್ದಳು? ಲೋಟ ಅವಳ ಕೈಗಿಟ್ಟು, ಕ್ಯಾಮರಾ ಬಿಚ್ಚತೊಡಗಿದೆ. ಕೆಳಗೆ ದೋಣಿಯೊಂದು ಆಗಷ್ಟೇ ಅಲುಗಾಡಲು ಶುರುಮಾಡಿತ್ತು.

"ಉಬ್ಬರ ಪೂರ್ತಿ ಬರ್ಲಿ ಹೇಮಾ. ಇಷ್ಟು ಹೊತ್ತು ಮಾಡಿದ್ದು ಹಾಳಾಗ್ತದೆ."

"ಸ್ಟುಡಿಯೋದಲ್ಲಿ ಅರ್ಧ ಪಾಲು ನಂದು ಅಂತ ಈ ತಂಗಿಗೆ ನೀನೇ ಹೇಳು. ಬಾಕಿದ್ದು ಹೇಳೂ ಧೈರ್ಯ ನಿಂಗಿಲ್ಲ."

ದಿವ್ಯಶ್ರೀ ಅವನ ಮುಖ ನೋಡಿದಳು. ಅವನು ಫೋನ್ ನೋಡುತ್ತ ನಿಂತ.

ಮೆಟ್ಟಿಲಿಳಿಯುವಾಗ, ಅವನು ಒಂದು ಸಲ ಕರೆದರೂ ತಿರುಗಿ ಮೇಲೆ ಹೋಗಿಬಿಡುತ್ತೇನೆ ಅಂತ ನನಗೆ ಗೊತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ನಿಧಾನವಾಗಿಯೇ ಇಳಿದೆ.

ಅವನು ಕರೆಯಲಿಲ್ಲ.