ಶುಕ್ರವಾರದ ಏಪ್ರನ್

ಜೂನ್ 9, ಬೆಳಿಗ್ಗೆ 8.40. ಲೂಯಿಸಿಯಾನದ ಟೆರೀಸ್‌ವಿಲ್ ಠಾಣೆಗೆ ಅರವತ್ತೊಂದು ವರ್ಷದ ಆಲ್ಸೀಡ್ ಫಾಂಟೆನೋ ದೂರು ಹಿಡಿದು ಬಂದ. ಮಾಡದ ಕೊಲೆಗೆ ಇಪ್ಪತ್ತಾರು ವರ್ಷ ಜೈಲು ಕಂಡವನು. ಸ್ಥಳದಲ್ಲಿ ಬಿದ್ದಿದ್ದ ಕೊಲೆಗಾರನ ರಕ್ತ ಇವನದಲ್ಲ ಎಂಬ ವರದಿಯ ನಕಲು ಪ್ರಯೋಗಾಲಯದಲ್ಲಿ ಸಿಕ್ಕಿ, ಹೋದ ತಿಂಗಳು ತೀರ್ಪು ರದ್ದಾಗಿತ್ತು. ಆ ವರದಿ ತನ್ನ ಕೈಗೆ ಬರಲೇ ಇಲ್ಲವೆಂದು ಅಂದಿನ ಸರ್ಕಾರಿ ವಕೀಲ, ಇಂದಿನ ನ್ಯಾಯಾಧೀಶ ಪ್ರೆಸ್ಟನ್ ಹಾರ್ಗ್ರೋವ್ ಮಾರ್ಚ್‌ನಲ್ಲಿ ಪ್ರಮಾಣ ಮಾಡಿ ಹೇಳಿದ್ದ.

"ನಿಮಗೇನು ಬೇಕು?" ಇನ್‌ಸ್ಪೆಕ್ಟರ್ ವರ್ನೆಲ್ ಗಿಡ್ರಿ ಕೇಳಿದಳು.

"ಆ ಹಾರ್ಗ್ರೋವ್‌ಗೆ ವರದಿ ವಿಷ್ಯ ಗೊತ್ತಿತ್ತಾ ಇಲ್ವಾ, ಅಷ್ಟು ಹೇಳಿ ತಾಯಿ. ಗೊತ್ತಿಲ್ದೆ ಆಗಿದ್ರೆ ಕ್ಷಮಿಸಿಬಿಡ್ತೀನಿ. ನಮ್ಮಮ್ಮ ಸಾಯೋವಾಗ್ಲೂ, ನಾನು ಮಾಡಿಲ್ಲಾಂತ ಆ ವಕೀಲನಿಗೆ ಗೊತ್ತಿತ್ತಾ ಅಂತ್ಲೇ ಕೇಳ್ತಿದ್ಲಂತೆ."

ಎಫ್‌ಐಆರ್ ದಾಖಲಾಯಿತು. 11.20ಕ್ಕೆ ವರ್ನೆಲ್, ಸರ್ಕಾರಿ ವಕೀಲರ ಕಚೇರಿಯ ನಿವೃತ್ತ ಗುಮಾಸ್ತೆ ಅರ್ಲೀನ್‌ಳ ಜಗಲಿಯಲ್ಲಿದ್ದಳು.

"ಬಂದ ಕಾಗದಕ್ಕೆಲ್ಲ ನೇರಳೆ ಮುದ್ರೆ ಒತ್ತಿ, ವಕೀಲರ ಸಹಿ ಹಾಕಿಸ್ಕೊಂಡೇ ಕೊಡ್ತಿದ್ದೆ. ಮುದ್ರೆ ಇಲ್ದೆ ಮದುವೆ ಕರೆಯೋಲೆನೂ ಒಳಗೆ ಹೋಗ್ತಿರ್ಲಿಲ್ಲ ಕಣಮ್ಮ."

"ಈ ವರದಿ?"

"ಕೊಟ್ಟೆ. ಆಮೇಲೆ ಕಡತದಲ್ಲಿ ಕಾಣ್ಲಿಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ವಲ್ಲ."

ಅಜ್ಜಿಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದೆ. ಹಾರ್ಗ್ರೋವ್‌ನದು ಕಚೇರಿಯ ನೆಲಮಾಳಿಗೆಯಲ್ಲಿತ್ತು. ಮೂರು ದಿನ ಧೂಳು ಕುಡಿದ ಕಾನ್‌ಸ್ಟೇಬಲ್ ಕ್ಲೋವಿಸ್‌ಗೆ ಆ ವರದಿ ಸಿಕ್ಕಿದ್ದು, ಹಾರ್ಗ್ರೋವ್ ಈ ಕೊಲೆ ಕೇಸಿಗೂ ಮೊದಲು ಸೋತಿದ್ದ ದನಗಳ್ಳತನದ ಕಡತದಲ್ಲಿ. ನೇರಳೆ ಮುದ್ರೆ, ಕೆಳಗೆ ಸಹಿ. ದಿನಾಂಕ ಆಲ್ಸೀಡ್‌ನ ವಿಚಾರಣೆಗೆ ಎರಡು ದಿನ ಮುಂಚಿನದು. ಜೂನ್ 12ರ ಸಂಜೆ 4.15ಕ್ಕೆ ಪಂಚನಾಮೆ ಮುಗಿಯಿತು.

"ಸುಟ್ಟು ಹಾಕಬಹುದಿತ್ತಲ್ಲ ಮೇಡಂ?"

"ಸುಟ್ರೆ ಅಪರಾಧ. ಬೇರೆ ಕಡತಕ್ಕೆ ಸೇರಿದ್ರೆ ಮರೆವು. ವಕೀಲ ಅಲ್ವಾ ಅವನು?"

ಜೂನ್ 13, ಮಧ್ಯಾಹ್ನ 12.05. ನ್ಯಾಯಾಧೀಶರ ಕೊಠಡಿ.

"ಏನ್ ವರ್ನೆಲ್, ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದ್ಯಾ?"

"ಬೇಡಿ ತಂದಿದೀನಿ ಜಡ್ಜ್ ಸಾಹೇಬ್ರೆ. ಸುಳ್ಳು ಪ್ರಮಾಣ." ಮೇಜಿನ ಮೇಲೆ ವರದಿಯ ಪ್ರತಿ ಇಟ್ಟಳು. "ಯಾಕೆ ಬಚ್ಚಿಟ್ರಿ?"

ಆತ ಪ್ರತಿಯನ್ನು ಮಗುಚಿಟ್ಟ. "ಆ ವರ್ಷ ಎರಡು ಕೇಸು ಸೋತಿದ್ದೆ. ಸೋತವನು ಶುಕ್ರವಾರದ ಊಟಕ್ಕೆ ಅಡುಗೆಯವರ ಏಪ್ರನ್‌ನ ದಾರ ಸೊಂಟಕ್ಕೆ ಬಿಗಿದು, ಕಚೇರಿಯವರಿಗೆಲ್ಲ ಕರಿದ ಮೀನು ಬಡಿಸ್ಬೇಕು. ಹಳೇ ಪದ್ಧತಿ. ಟೈಪಿಸ್ಟ್‌ಗಳೂ ನಗ್ತಿದ್ರು. ಮೂರನೇ ಸಲ ನನ್ನಿಂದ ಆಗ್ತಿರ್ಲಿಲ್ಲ."

ಠಾಣೆಯ ಬೆಂಚಿನ ಮೇಲೆ ಆಲ್ಸೀಡ್ ಕಾದಿದ್ದ. ವರ್ನೆಲ್ ಅವನಿಗೆ ಹಾರ್ಗ್ರೋವ್‌ನ ಹೇಳಿಕೆಯನ್ನು ಇದ್ದಂತೆ ಓದಿ ಹೇಳಿದಳು.

"ಇಪ್ಪತ್ತಾರು ವರ್ಷ ಜೈಲಲ್ಲಿ ನನಗೆ ಕೊಟ್ಟಿದ್ದ ಕೆಲ್ಸ ಏನು ಗೊತ್ತಾ ತಾಯಿ?" ಅವನ ಕೈ ತನಗರಿವಿಲ್ಲದೆ ಸೊಂಟದ ಹಿಂದೆ ಹೋಗಿ, ಇಲ್ಲದ ದಾರದ ಗಂಟು ಬಿಚ್ಚುತ್ತಿತ್ತು. "ಬಡಿಸೋದು."